ಖಾಲಿ ಹಡಗಿಗೆ ಹೆಚ್ಚು ಅಂಕ

ಸುಲೇಪೇಟದಿಂದ ಸಮುದ್ರಕ್ಕೆ ಹತ್ತಿರದ ದಾರಿ ಯಾವುದು ಅಂತ ಕೇಳಿದರೆ ನಮ್ಮೂರಲ್ಲಿ ಥಟ್ಟನೆ ಹೇಳೋರು ಸಿಗಲಿಕ್ಕಿಲ್ಲ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ನೂರಾರು ಕಿಲೋಮೀಟರ್. ನಮ್ಮದೇನಿದ್ದರೂ ತೊಗರಿ, ಜೋಳ, ಸೇಡಂ ಕಡೆ ಹೋದರೆ ಸುಣ್ಣದ ಕಲ್ಲು, ಸಿಮೆಂಟ್ ಚಿಮಣಿ, ವಾಡಿಯಲ್ಲಿ ಗೂಡ್ಸ್ ಗಾಡಿ, ಶಹಾಬಾದಿನ ಪರ್ಸಿ. ಹಡಗು ಅನ್ನೋದು ನಮಗೆ ಪಠ್ಯಪುಸ್ತಕದ ಚಿತ್ರ ಅಷ್ಟೆ.

ಆದರೂ ನಮ್ಮ ಕಾಕಾಗೆ ಹಡಗಿನ ಸುದ್ದಿ ನನಗಿಂತ ಚೆನ್ನಾಗಿ ಗೊತ್ತು. ತೊಗರಿ ರಾಶಿ ಆಗಿ ಮಾರ್ಕೆಟ್‌ಗೆ ಹೋಗೋ ಹೊತ್ತಿಗೆ ಅವರು ಕೇಳೋ ಮೊದಲ ಪ್ರಶ್ನೆ, "ಹಡಗು ಬಂದಾವೇನಪಾ?" 2016ರಲ್ಲಿ ನಮ್ಮ ಸರ್ಕಾರ ಮೊಜಾಂಬಿಕ್ ಜೊತೆ ತೊಗರಿ ಒಪ್ಪಂದ ಮಾಡಿಕೊಂಡಿತು. ಬರ್ಮಾದಿಂದ ಮೊದಲಿಂದಲೂ ಬರುತ್ತಿತ್ತು. 2021ರಲ್ಲಿ ಆಮದಿಗಿದ್ದ ಮಿತಿಯನ್ನೂ ತೆಗೆದರು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನಿಜ. ಆದರೆ ಮಾರ್ಕೆಟ್ ಯಾರ್ಡಿನಲ್ಲಿ ರೇಟು ನಿಲ್ಲೋದು ಆ ಟ್ಯಾಗಿನ ಮೇಲಲ್ಲ, ಮುಂಬೈ ಬಂದರಿನಲ್ಲಿ ಎಷ್ಟು ಇಳಿಯಿತು ಅನ್ನೋದರ ಮೇಲೆ. ಹಾಗಾಗಿ ಸಮುದ್ರ ನಮ್ಮಿಂದ ದೂರ ಇದೆ ಅನ್ನೋದು ನಕಾಶೆಯ ಮಟ್ಟಿಗೆ ಮಾತ್ರ ನಿಜ. (ಇದು ಹೊಸದೂ ಅಲ್ಲ. ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದ ಮಳಖೇಡದಲ್ಲಿ ಕೂತಿದ್ದ ರಾಷ್ಟ್ರಕೂಟ ರಾಜನನ್ನು ಅರಬ್ ವರ್ತಕರು 'ಬಲ್ಹಾರ' ಅಂತ ಬರೆದಿಟ್ಟಿದ್ದಾರೆ. ಅವರು ಬಂದದ್ದೂ ಹಡಗಿನಲ್ಲೇ.)

ನನ್ನ ವಿಷಯಕ್ಕೆ ಬಂದರೆ, ಬಿಇ ಮುಗಿಸಿ ಬೆಂಗಳೂರಿಗೆ ಬಂದವನು ಈಗ ಕೆಲವು ವರ್ಷಗಳಿಂದ ಹಡಗುಗಳ ಲೆಕ್ಕ ಬರೆಯೋ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಪ್ರತಿ ಹಡಗೂ ದಿನಾ ಮಧ್ಯಾಹ್ನ ಒಂದು ವರದಿ ಕಳಿಸುತ್ತೆ. ಎಷ್ಟು ದೂರ ಬಂದೆವು, ಎಷ್ಟು ಎಣ್ಣೆ ಸುಟ್ಟೆವು, ಗಾಳಿ ಹೇಗಿದೆ. ಅದಕ್ಕೆ ನೂನ್ ರಿಪೋರ್ಟ್ ಅಂತಾರೆ. ಅದನ್ನೆಲ್ಲ ಕೂಡಿಸಿ ಕಳೆದು, ಹಡಗು ನಿಯಮದೊಳಗೆ ಇದೆಯೋ ಇಲ್ಲವೋ ಅಂತ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸೋದು ನಮ್ಮ ಕೆಲಸ. ಈ ಕೆಲಸ ಮಾಡ್ತಾ ಮಾಡ್ತಾ ನನ್ನ ತಲೆಯಲ್ಲಿ ಕೂತ ಪ್ರಶ್ನೆ ಒಂದೇ. ಹಸಿರು ಬಣ್ಣ ಬಂದ ಮಾತ್ರಕ್ಕೆ ತಪ್ಪು ನಡೆದಿಲ್ಲ ಅಂತ ಅರ್ಥವೇ?

ಹಡಗು ಏನು ಸುಡುತ್ತೆ ಅಂತ ಮೊದಲು ಹೇಳಬೇಕು. ಕಚ್ಚಾ ತೈಲದಿಂದ ಗ್ಯಾಸು, ಪೆಟ್ರೋಲು, ಸೀಮೆಎಣ್ಣೆ, ಡೀಸೆಲು ಎಲ್ಲ ತೆಗೆದಮೇಲೆ ತಳದಲ್ಲಿ ಉಳಿಯೋ ದಪ್ಪ ಕಪ್ಪು ರಾಡಿ ಇರುತ್ತಲ್ಲ, ಅದರಿಂದ ಬರೋದು ಫರ್ನೆಸ್ ಆಯಿಲ್. ಬಿಸಿ ಮಾಡದಿದ್ದರೆ ಹರಿಯೋದೂ ಇಲ್ಲ. ದೊಡ್ಡ ಹಡಗುಗಳು ದಶಕಗಟ್ಟಲೆ ಓಡಿದ್ದು ಇದರ ಮೇಲೆ. ಆ ರಾಡಿಯನ್ನೇ ಇನ್ನೂ ಕಾಯಿಸಿ ಹಿಂಡಿದರೆ ಕೊನೆಗೆ ಕಲ್ಲಿದ್ದಲಿನಂಥ ಕರಿ ಗಟ್ಟಿ ಸಿಗುತ್ತೆ, ಅದು ಪೆಟ್‌ಕೋಕ್. ಸಿಮೆಂಟ್ ಗೂಡುಗಳಿಗೆ ಪ್ರಿಯವಾದ ಉರುವಲು. ಅಂದರೆ ಸಮುದ್ರದ ನಡುವಿನ ಹಡಗು ಮತ್ತು ಸಿಮೆಂಟ್ ಗೂಡು, ಎರಡೂ ಒಂದೇ ಗಡಿಗೆಯ ತಳ ಕೆರೆದು ಉಣ್ಣುವ ಅಣ್ಣ ತಮ್ಮ.

ಇಬ್ಬರಿಗೂ ಇರೋ ರೋಗ ಗಂಧಕ. ನಿಮ್ಮ ಕಾರಿಗೆ ಹಾಕೋ ಬಿಎಸ್-6 ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಹೆಚ್ಚೆಂದರೆ 10 ಭಾಗ ಗಂಧಕ ಇರಬಹುದು. ಹಡಗಿನ ಎಣ್ಣೆಗೆ 2019ರ ಕೊನೆಯವರೆಗೂ ಇದ್ದ ಮಿತಿ ಶೇಕಡಾ 3.5, ಅಂದರೆ ಹತ್ತು ಲಕ್ಷಕ್ಕೆ 35,000. ಕಾರಿನ 3,500 ಪಟ್ಟು. ಅಂತಾರಾಷ್ಟ್ರೀಯ ಸಾಗರ ಸಂಸ್ಥೆ, ಎಲ್ಲರೂ ಐಎಂಒ ಅಂತ ಕರೆಯೋದು, 2020ರ ಜನವರಿ 1ರಿಂದ ಇದನ್ನು ಶೇಕಡಾ 0.5ಕ್ಕೆ ಇಳಿಸಿತು. ಈಗಲೂ ಕಾರಿನ 500 ಪಟ್ಟು, ಆದರೂ ಏಳರಲ್ಲಿ ಒಂದು ಭಾಗಕ್ಕೆ ಇಳಿದದ್ದು ಸಣ್ಣ ಮಾತಲ್ಲ. ಬಂದರಿನ ಪಕ್ಕ ಬದುಕೋರ ಎದೆಗೆ ಅದರ ವ್ಯತ್ಯಾಸ ಗೊತ್ತಾಗುತ್ತೆ.

ಇಲ್ಲಿಂದ ಕತೆ ರಂಗೇರೋದು. ನಿಯಮ ಎರಡು ದಾರಿ ಕೊಟ್ಟಿತು. ಒಂದೋ ದುಬಾರಿಯ ಕಡಿಮೆ ಗಂಧಕದ ಎಣ್ಣೆ ಸುಡಿ. ಇಲ್ಲವೋ ಹಳೇ ರಾಡಿಯನ್ನೇ ಸುಡಿ, ಆದರೆ ಚಿಮಣಿಯಲ್ಲಿ ಸ್ಕ್ರಬ್ಬರ್ ಹಾಕಿಸಿ. ಸ್ಕ್ರಬ್ಬರ್ ಅಂದರೆ ಹೊಗೆಗೆ ಸ್ನಾನ. ಸಮುದ್ರದ ನೀರನ್ನು ಎತ್ತಿ ಹೊಗೆಯ ಮೇಲೆ ಸಿಂಪಡಿಸೋದು. ಸಮುದ್ರದ ನೀರಿಗೆ ಸ್ವಲ್ಪ ಕ್ಷಾರಗುಣ ಇರೋದರಿಂದ ಗಂಧಕದ ಆಮ್ಲವನ್ನು ಅದು ನುಂಗಿಕೊಳ್ಳುತ್ತೆ. ಮೇಲೆ ಹೋಗೋ ಹೊಗೆ ನಿಯಮದೊಳಗೆ. ಮತ್ತೆ ಆ ಸ್ನಾನದ ನೀರು? ಬಹುಪಾಲು ಸ್ಕ್ರಬ್ಬರ್‌ಗಳು 'ಓಪನ್ ಲೂಪ್'. ಅಂದರೆ ನೀರು ವಾಪಸ್ ಸಮುದ್ರಕ್ಕೆ. ಅದರ ಜೊತೆ ಆಮ್ಲ, ಮಸಿ, ವೆನೇಡಿಯಂ, ನಿಕಲ್‌ನಂಥ ಲೋಹ ಎಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಹಡಗುಗಳು ಇದನ್ನು ಹಾಕಿಸಿಕೊಂಡವು. ಯಾಕೆ ಅಂದರೆ ಅಗ್ಗದ ಎಣ್ಣೆ ಸುಟ್ಟು ಉಳಿಯೋ ದುಡ್ಡಲ್ಲಿ ಯಂತ್ರದ ಖರ್ಚು ಬೇಗ ವಸೂಲಾಗುತ್ತೆ. ಸಿಂಗಪುರ ತನ್ನ ಬಂದರಿನಲ್ಲಿ ಆ ನೀರು ಬಿಡೋದನ್ನು 2020ರಲ್ಲೇ ನಿಲ್ಲಿಸಿತು. ಡೆನ್ಮಾರ್ಕ್, ಸ್ವೀಡನ್ 2025ರ ಜುಲೈನಲ್ಲಿ ನಿಲ್ಲಿಸಿದವು. ಅವರವರ ಅಂಗಳದಲ್ಲಿ ಬೇಡ ಅಂದರು. ಅಂಗಳದ ಆಚೆ ಇನ್ನೂ ನಡೀತಾ ಇದೆ.

ಇದು ಮೋಸವೇ? ಅಲ್ಲ. ನಿಯಮದ ಪುಸ್ತಕದಲ್ಲೇ ಬರೆದ ದಾರಿ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರೋರು ಅಂತ ನಾವು ಬೈತೀವಲ್ಲ, ಇಲ್ಲಿ ಹಾಗೂ ಅನ್ನೋಕೆ ಬರಲ್ಲ, ರಂಗೋಲಿ ಹಾಕಿದವರೇ ಅಲ್ಲೊಂದು ಸಂದು ಬಿಟ್ಟಿದ್ದಾರೆ. ಆದರೂ ಏನೋ ಒಂದು ಒಪ್ಪಲ್ಲ ಅನಿಸುತ್ತೆ. ಗಂಧಕ ಎಲ್ಲೂ ಹೋಗಲಿಲ್ಲ. ಮೀಟರ್ ಇದ್ದ ಕಡೆಯಿಂದ ಮೀಟರ್ ಇಲ್ಲದ ಕಡೆಗೆ ಹೋಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಗ್ ಫಿಕ್ಸ್ ಆಗಿಲ್ಲ, ಬೇರೆ ಟೀಮಿನ ಮಾಡ್ಯೂಲಿಗೆ ಟ್ರಾನ್ಸ್‌ಫರ್ ಆಗಿದೆ.

ಸಿಮೆಂಟ್ ಗೂಡಿನ ವಿಷಯದಲ್ಲಿ ಒಂದು ನ್ಯಾಯವಾದ ಮಾತು ಹೇಳಿಬಿಡ್ತೀನಿ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಲ ರಾಜ್ಯಗಳಲ್ಲಿ ಪೆಟ್‌ಕೋಕ್ ನಿಷೇಧಿಸಿತು, ಡಿಸೆಂಬರಿನಲ್ಲಿ ಸಿಮೆಂಟಿಗೆ ವಿನಾಯಿತಿ ಕೊಟ್ಟಿತು. ಅದಕ್ಕೆ ಕಾರಣ ಇತ್ತು. ಗೂಡಿನಲ್ಲಿರೋ ಸುಣ್ಣ ಗಂಧಕವನ್ನು ಹಿಡಿದು ತನ್ನೊಳಗೆ ಕಟ್ಟಿಹಾಕುತ್ತೆ, ಅದು ಕ್ಲಿಂಕರಿನ ಭಾಗವಾಗಿ ಹೋಗುತ್ತೆ. ಅಲ್ಲಿ ಗಂಧಕ ನಿಜವಾಗಿ ಸೆರೆ ಸಿಕ್ಕಿತು. ಆದರೆ ಆ ಸುಣ್ಣ ಆಗೋದಕ್ಕೆ ಕಲ್ಲು ಸುಡಬೇಕು. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್, ಉರುವಲಿನ ಹೊಗೆ ಬೇರೆ. ಸಮುದ್ರದಲ್ಲೂ ಅಷ್ಟೆ, ಆಮ್ಲವನ್ನು ನುಂಗಿದ ನೀರು ಬದಲಿಗೆ ಡೈಆಕ್ಸೈಡ್ ಬಿಡುತ್ತೆ. ಒಂದು ಕೊಳೆ ಇನ್ನೊಂದರ ವೇಷದಲ್ಲಿ ಹೊರಗೆ ಬರೋದು ರಸಾಯನಶಾಸ್ತ್ರದ ನಿಯಮ, ಯಾರ ದುಷ್ಟತನವೂ ಅಲ್ಲ. ಹಾಗಿದ್ದರೆ ನನ್ನ ತಕರಾರು ಯಾರ ಮೇಲೆ?

ಅದನ್ನ ಹೇಳೋಕೆ ಖಾಲಿ ಹಡಗಿನ ಲೆಕ್ಕ ಹೇಳಬೇಕು.

2023ರಿಂದ 5,000 ಗ್ರಾಸ್ ಟನ್ ದಾಟಿದ ಹಡಗುಗಳಿಗೆ ವರ್ಷಕ್ಕೊಮ್ಮೆ ಎ, ಬಿ, ಸಿ, ಡಿ, ಇ ಅಂತ ಶ್ರೇಣಿ ಕೊಡ್ತಾರೆ. ಹೆಸರು ಸಿಐಐ. ಸೂತ್ರ ಸರಳ. ವರ್ಷದಲ್ಲಿ ಬಿಟ್ಟ ಡೈಆಕ್ಸೈಡನ್ನು, ಹಡಗು ಎಷ್ಟು ಹೊರಬಲ್ಲದು ಮತ್ತು ಎಷ್ಟು ದೂರ ಓಡಿತು ಇವೆರಡರ ಗುಣಲಬ್ಧದಿಂದ ಭಾಗಿಸೋದು. ಸರಿಯಾಗಿ ಗಮನಿಸಿ: ಎಷ್ಟು ಹೊತ್ತಿತು ಅಲ್ಲ, ಎಷ್ಟು ಹೊರಬಲ್ಲದು. ಸರಕಿನ ತೂಕ ಕಂಪನಿಗಳ ವ್ಯಾಪಾರದ ಗುಟ್ಟು, ಅದನ್ನ ಕೊಡಿ ಅಂದರೆ ಗಲಾಟೆ. ಹೊರೋ ಸಾಮರ್ಥ್ಯ ಎಲ್ಲರಿಗೂ ಗೊತ್ತಿರೋ ಸಂಖ್ಯೆ, ಸುಲಭ.

ದೀಪಾವಳಿಗೆ ಊರಿಗೆ ಹೋದಾಗ ಕಾಕಾಗೆ ಇದನ್ನ ಅವರ ಭಾಷೆಗೆ ಇಳಿಸಿ ಹೇಳಿದೆ. ಹತ್ತು ಟನ್ನಿನ ಲಾರಿ ಇದೆ ಅಂದುಕೊಳ್ಳಿ ಕಾಕಾ. ತೊಗರಿ ತುಂಬಿಕೊಂಡು ಕಲಬುರಗಿಗೆ ಹೋಯ್ತು, 20 ಲೀಟರ್ ಡೀಸೆಲ್ ಕುಡೀತು. ಬರುವಾಗ ಖಾಲಿ, 14 ಲೀಟರ್. ಈ ಸೂತ್ರದಲ್ಲಿ ಎರಡೂ ಸಲ ಹತ್ತು ಟನ್ ಹೊತ್ತ ಹಾಗೇ ಲೆಕ್ಕ. ಅಂದರೆ ಖಾಲಿ ಬಂದ ಟ್ರಿಪ್ಪಿಗೆ ಹೆಚ್ಚು ಅಂಕ.

ಕಾಕಾ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿ ನನ್ನ ಮುಖ ನೋಡಿದರು. "ಅಂದ್ರ ವರ್ಷಪೂರ್ತಿ ಖಾಲಿ ಗಾಡಿ ಹೊಡ್ದವನೇ ಫಸ್ಟ್ ಕ್ಲಾಸ್ ಪಾಸ್?"

"ಹಂಗೇ ಆಗ್ತದ ಕಾಕಾ."

"ಇದ್ಯಾವ ಲೆಕ್ಕಪಾ ತಮ್ಮಾ? ಇದನ್ನ ಯಾರೂ ಕೇಳಿಲ್ಲೇನು?"

ಕೇಳಿದ್ದಾರೆ. ಹಡಗು ಮಾಲೀಕರೇ ಕೇಳಿದ್ದಾರೆ, ನಿಯಮ ಮಾಡಿದವರಿಗೂ ಗೊತ್ತು, ಪರಿಷ್ಕರಣೆಯ ಮಾತೂ ನಡೀತಾ ಇದೆ. ಅದಕ್ಕೇ ಇದು ನನಗೆ ನೈತಿಕ ಪ್ರಶ್ನೆಯಾಗಿ ಕಾಣೋದು. ಕಳ್ಳ ಪೈಪಿನ ವಿಷಯ ಆಗಿದ್ದರೆ ತೀರ್ಮಾನ ಸುಲಭ. 'ಕೆರಿಬಿಯನ್ ಪ್ರಿನ್ಸೆಸ್' ಅನ್ನೋ ಪ್ರವಾಸಿ ಹಡಗು 2005ರಿಂದ ಎಣ್ಣೆ ಬೆರೆತ ನೀರನ್ನು ಶುದ್ಧೀಕರಣದ ಯಂತ್ರ ತಪ್ಪಿಸಿ, ಪಕ್ಕದ ಪೈಪಿನಿಂದ ಸಮುದ್ರಕ್ಕೆ ಬಿಡುತ್ತಿತ್ತು. ಆ ಧಂಧೆಯಲ್ಲಿ ಇದನ್ನ 'ಮ್ಯಾಜಿಕ್ ಪೈಪ್' ಅಂತಾರೆ. 2013ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಎಂಜಿನಿಯರ್ ಅದರ ಫೋಟೋ ತೆಗೆದು, ಇಂಗ್ಲೆಂಡಿನ ಬಂದರಿನಲ್ಲಿ ಕೆಲಸ ಬಿಟ್ಟು ಇಳಿದು, ಅಧಿಕಾರಿಗಳಿಗೆ ಹೇಳಿದ. 2016ರ ಡಿಸೆಂಬರಿನಲ್ಲಿ ಕಂಪನಿ 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅಲ್ಲಿ ಸುಳ್ಳು ಇತ್ತು, ಸುಳ್ಳು ಹೇಳೋರು ಇದ್ದರು, ಹೇಳಲ್ಲ ಅಂದವನೂ ಒಬ್ಬ ಇದ್ದ. ಖಾಲಿ ಹಡಗಿನ ಲೆಕ್ಕದಲ್ಲಿ ಸುಳ್ಳೇ ಇಲ್ಲ. ಎಲ್ಲ ಸಂಖ್ಯೆಯೂ ಸತ್ಯ. ಸತ್ಯಗಳನ್ನೆಲ್ಲ ಭಾಗಿಸಿ ಬಂದ ಉತ್ತರ ಮಾತ್ರ ಹಾದಿ ತಪ್ಪಿಸೋದು.

ನಮ್ಮ ಆಫೀಸಿನಲ್ಲಿ ಒಬ್ಬ ಗೆಳತಿ ಇದ್ದಾಳೆ, ನನಗಿಂತ ಸೀನಿಯರ್, ಮಾತಿನಲ್ಲಿ ಸೋಲೋಳಲ್ಲ. ಅವಳ ವಾದ ಹೀಗೆ: "ನೋಡು, ಒಳ್ಳೇ ಮನಸ್ಸಿಂದ ಸಮುದ್ರ ಸ್ವಚ್ಛ ಆಗಲ್ಲ, ಅಳೆಯೋಕೆ ಬರೋ ನಿಯಮದಿಂದ ಆಗುತ್ತೆ. 2020ರ ನಿಯಮ ಇಲ್ಲದಿದ್ರೆ ಇವತ್ತೂ ಮೂರೂವರೆ ಪರ್ಸೆಂಟೇ ಸುಡ್ತಿದ್ರು. ನಿಯಮದಲ್ಲಿ ತೂತು ಇದೆಯಾ, ಮುಂದಿನ ವರ್ಷ ಮುಚ್ಚುತ್ತಾರೆ. ಅಲ್ಲಿವರೆಗೆ ನೀನು ಕೂತು ಆತ್ಮಸಾಕ್ಷಿ ಅಂದ್ರೆ ಕ್ಲೈಂಟ್ ಇನ್ನೊಬ್ಬ ವೆಂಡರ್ ಹತ್ರ ಹೋಗ್ತಾನೆ. ಹೊಗೆ ಅಷ್ಟೇ ಇರುತ್ತೆ, ನಿನ್ನ ಸಂಬಳ ಮಾತ್ರ ಕಡಿಮೆ ಆಗುತ್ತೆ."

ಇದರಲ್ಲಿ ಮುಕ್ಕಾಲು ಭಾಗ ನಾನು ಒಪ್ಪುತ್ತೇನೆ. 1967ರಲ್ಲಿ 'ಟೋರಿ ಕ್ಯಾನಿಯನ್' ಇಂಗ್ಲೆಂಡಿನ ಕರಾವಳಿಯಲ್ಲಿ ಬಂಡೆಗೆ ಬಡಿದು ಕಡಲು ಕಪ್ಪಾಗೋ ತನಕ ಜಗತ್ತು ಹೆಚ್ಚುಕಮ್ಮಿ ಸುಮ್ಮನಿತ್ತು. ಮಾರ್ಪೋಲ್ ಒಪ್ಪಂದ ಬಂದದ್ದು 1973ರಲ್ಲಿ. ನಿಯಮ ಅನ್ನೋದು ಯಾವಾಗಲೂ ಅನಾಹುತದ ಹಿಂದೆ ಓಡೋ ಗಾಡಿ, ಅದನ್ನ ಗೇಲಿ ಮಾಡೋದರಲ್ಲಿ ಅರ್ಥ ಇಲ್ಲ. ಇನ್ನೊಂದು, ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ಹಡಗಿಗಿಂತ ಕಡಿಮೆ ಹೊಗೆಯ ವಾಹನ ಸಿಗೋದು ಕಷ್ಟ. ಹಡಗನ್ನು ಖಳನಾಯಕ ಮಾಡೋದು ನನಗೆ ಬೇಕಿಲ್ಲ.

ನಾನು ಒಪ್ಪದೇ ಇರೋದು ಉಳಿದ ಕಾಲು ಭಾಗ. 'ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ' ಅನ್ನೋ ವಾದ ಎಲ್ಲ ಕೆಲಸಕ್ಕೂ ಹೊಂದುತ್ತೆ, ಅದೇ ಅದರ ತೊಂದರೆ. ಅದು ಸರಿ ಅನ್ನೋದಾದರೆ ಜಗತ್ತಿನಲ್ಲಿ ಯಾರೂ ಯಾವುದಕ್ಕೂ ಹೊಣೆ ಅಲ್ಲ. ಮ್ಯಾಜಿಕ್ ಪೈಪಿನ ಹಡಗಿನಲ್ಲಿ ಎಂಟು ವರ್ಷ ಎಷ್ಟು ಎಂಜಿನಿಯರುಗಳು ಬಂದು ಹೋಗಿರಬೇಕು! ಪ್ರತಿಯೊಬ್ಬರಿಗೂ ಆ ವಾದ ಸಾಕಾಗಿತ್ತು. ನನ್ನ ದೃಷ್ಟಿಯಲ್ಲಿ ನಿಯಮ ಗೊತ್ತಿರೋನ ಹೊಣೆಯೇ ಬೇರೆ, ಮೀಟರಿನ ಆಚೆ ಏನಾಗುತ್ತೆ ಅಂತ ಗೊತ್ತಿರೋನ ಹೊಣೆಯೇ ಬೇರೆ. ಹಡಗಿನ ಮಾಲೀಕನಿಗೆ ಬಣ್ಣ ಕಾಣುತ್ತೆ. ಬಂದರಿನ ಅಧಿಕಾರಿಗೆ ಸರ್ಟಿಫಿಕೇಟ್ ಕಾಣುತ್ತೆ. ಸೂತ್ರವನ್ನು ಕೋಡಿನಲ್ಲಿ ಬರೆದವನಿಗೆ ಮಾತ್ರ, ಯಾವ ಸಂಖ್ಯೆ ಎಲ್ಲಿ ಕಾಣೆಯಾಯಿತು ಅಂತ ಕಾಣುತ್ತೆ. ಕಂಡದ್ದನ್ನು ಕಂಡಿಲ್ಲ ಅನ್ನೋಕೆ ಬರಲ್ಲ. ನೀವು ಬ್ಯಾಂಕಿನಲ್ಲೋ ಆಸ್ಪತ್ರೆಯ ಸಾಫ್ಟ್‌ವೇರಿನಲ್ಲೋ ಕೆಲಸ ಮಾಡೋರಾದರೆ ನಿಮಗೂ ಇಂಥದೊಂದು ಕಾಲಮ್ಮು ಇದ್ದೇ ಇರುತ್ತೆ.

ಸೇಡಂ ರಸ್ತೆಯಲ್ಲಿ ಓಡಾಡಿದವರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ. ಚಿಮಣಿಗೆ ಮೀಟರ್ ಇದೆ, ಅದರ ಅಂಕಿ ಆನ್‌ಲೈನಿನಲ್ಲಿ ಮಾಲಿನ್ಯ ಮಂಡಳಿಗೆ ಹೋಗುತ್ತೆ. ಆದರೆ ರಸ್ತೆ ಬದಿಯ ಹೊಲದಲ್ಲಿ ತೊಗರಿ ಎಲೆಯ ಮೇಲೆ ಕೂತ ಬಿಳಿ ಧೂಳು ಬಂದದ್ದು ಲಾರಿಯ ಚಕ್ರದಿಂದ, ತಾಡಪಾಲು ಹೊದೆಸದ ಲೋಡಿನಿಂದ. ರಸ್ತೆಗೆ ಮೀಟರ್ ಇಲ್ಲ. ಚಿಮಣಿಯ ಅಂಕಿಯೂ ನಿಜ, ಎಲೆಯ ಧೂಳೂ ನಿಜ, ಎರಡೂ ಒಂದೇ ಕಾಗದದಲ್ಲಿ ಬರೋದಿಲ್ಲ.

ಮಧ್ಯೆ ಇನ್ನೊಂದು ತೊಡಕು ಇದೆ, ಇದನ್ನ ಓದಿದಾಗ ನನಗೆ ನಿಜಕ್ಕೂ ತಲೆ ಕೆಟ್ಟಿತ್ತು. ಹಡಗಿನ ಗಂಧಕದ ಹೊಗೆ ಸಮುದ್ರದ ಮೇಲಿನ ಮೋಡಗಳನ್ನು ಬೆಳ್ಳಗೆ ಮಾಡಿ ಬಿಸಿಲನ್ನು ವಾಪಸ್ ಕಳಿಸುತ್ತಿತ್ತು. 2020ರ ನಂತರ ಉಪಗ್ರಹದ ಚಿತ್ರಗಳಲ್ಲಿ ಆ ಮೋಡದ ಗೆರೆಗಳು ಕಡಿಮೆಯಾದವು. ಅಂದರೆ ಕೊಳೆ ತೆಗೆದದ್ದರಿಂದ ಭೂಮಿಯ ಬಿಸಿ ಸ್ವಲ್ಪ ಹೆಚ್ಚು ಕಾಣಿಸಿಕೊಂಡಿತು. ಎಷ್ಟು ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇದೆ, ದಿಕ್ಕಿನ ಬಗ್ಗೆ ಇಲ್ಲ. ಹಾಗಾದರೆ ಹೊಗೆಯನ್ನು ಇರಲಿ ಬಿಡಿ ಅನ್ನಬೇಕಿತ್ತೇ? ನನಗೆ ಹಾಗನಿಸಲ್ಲ. ಬಂದರಿನ ಪಕ್ಕದ ಮಗುವಿನ ಶ್ವಾಸಕೋಶವನ್ನು ಅದರ ಅಪ್ಪ ಅಮ್ಮನನ್ನೂ ಕೇಳದೆ ಜಗತ್ತಿಗೆ ಛತ್ರಿ ಮಾಡೋದಕ್ಕೆ ಯಾರಿಗೂ ಹಕ್ಕಿಲ್ಲ. ಆದರೆ ಅಂಥ ಅಡ್ಡ ಪರಿಣಾಮ ಇದೆ ಅಂತ ಬಾಯಿಬಿಟ್ಟು ಹೇಳೋದೂ ಅಷ್ಟೇ ಮುಖ್ಯ.

ಕರಾವಳಿಯ ಓದುಗರು ಇದನ್ನ ಓದಿ, ಇವನಿಗೆ ಸಂಖ್ಯೆಯ ಹುಚ್ಚು, ನಮಗೆ ಎಣ್ಣೆ ಕಾಲಿಗೆ ಅಂಟಿದ ನೆನಪು ಅನ್ನಬಹುದು. ನಿಜ. 2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯಾ' ಕಾರವಾರದ ಹತ್ತಿರ ಬಂಡೆಗೆ ತಗುಲಿ, ಅದರ ಎಣ್ಣೆ ಕಾರವಾರದಿಂದ ಗೋವಾದ ದಂಡೆವರೆಗೆ ಹಬ್ಬಿತು. 2022ರ ಜೂನ್‌ನಲ್ಲಿ ಉಳ್ಳಾಲದ ಮುಂದೆ ಉಕ್ಕು ಹೊತ್ತ 'ಪ್ರಿನ್ಸೆಸ್ ಮಿರಾಲ್' ಮುಳುಗಿತು, ಅದರ 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. 2025ರ ಮೇ 25ರಂದು ಕೊಚ್ಚಿ ಹತ್ತಿರ 640 ಕಂಟೇನರ್‌ಗಳ ಜೊತೆ 'ಎಂಎಸ್‌ಸಿ ಎಲ್ಸಾ 3' ಮುಳುಗಿತು. ಹೊಟ್ಟೆಯಲ್ಲಿ 367 ಟನ್ ಫರ್ನೆಸ್ ಆಯಿಲ್, 12 ಕಂಟೇನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಹೌದು, ಮಾವಿನಕಾಯಿ ಹಣ್ಣು ಮಾಡೋಕೆ ಕದ್ದು ಬಳಸ್ತಾರಲ್ಲ ಅದೇ. ಅದನ್ನು ಮಾಡೋದು ಸುಣ್ಣ ಮತ್ತು ಕೋಕ್ ಸೇರಿಸಿ ಸುಟ್ಟು, ಅಂದರೆ ಕೊನೆಗೆ ಅದೂ ನಮ್ಮಂಥ ಊರಿನ ಕಲ್ಲೇ. ತಿರುವನಂತಪುರದ ದಂಡೆಯಲ್ಲಿ ಸಾಬುದಾನಿ ಥರ ಪ್ಲಾಸ್ಟಿಕ್ ಕಾಳು ರಾಶಿ ಬಿತ್ತು. ಹಡಗಿನ ಬಾವುಟ ಲೈಬೀರಿಯಾದ್ದು, ದಂಡೆ ಕೇರಳದ್ದು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಈ ಹಡಗುಗಳಿಗೂ ಕಾಗದಪತ್ರ ಇದ್ದವು, ಅವುಗಳ ಮೇಲೂ ಯಾವುದೋ ಸ್ಕ್ರೀನಿನಲ್ಲಿ ಯಾವುದೋ ಬಣ್ಣ ಇದ್ದಿರಬೇಕು.

ಈಗ ನನ್ನ ಮೇಜಿನ ಮೇಲಿರೋ ವಿಷಯ. ಹಡಗುಗಳ ನೂನ್ ರಿಪೋರ್ಟ್ ಎಷ್ಟೋ ದಿನ ಬರೋದೇ ಇಲ್ಲ. ಮಳೆ, ನೆಟ್‌ವರ್ಕ್, ಮರೆವು, ಏನೋ ಒಂದು. ಖಾಲಿ ಬಿಟ್ಟರೆ ವರ್ಷದ ಲೆಕ್ಕ ಕೂಡಲ್ಲ. ಹಿಂದಿನ ದಿನ ಮತ್ತು ಮುಂದಿನ ದಿನದ ಅಂಕಿ ನೋಡಿ ನಡುವಿನದನ್ನು ಸಾಫ್ಟ್‌ವೇರೇ ತುಂಬಲಿ ಅನ್ನೋದು ಒಬ್ಬ ಗ್ರಾಹಕರ ಬೇಡಿಕೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡ್ತಾರೆ. ನಾನು ಕೇಳಿದ್ದು ಇಷ್ಟೇ: ತುಂಬಿದ ಅಂಕಿ ಅಂದಾಜು ಅಂತ ಗೊತ್ತಾಗೋ ಹಾಗೆ ಬೂದು ಬಣ್ಣದಲ್ಲಿ ತೋರಿಸೋಣ, ಡೌನ್‌ಲೋಡ್ ಮಾಡಿದ ಕಡತದಲ್ಲೂ ಆ ಗುರುತು ಹೋಗಬಾರದು. ಎರಡು ಮೀಟಿಂಗ್ ಆಯಿತು. ಗೆಳತಿ ಮೊದಲು ನಕ್ಕಳು, ಆಮೇಲೆ ನನ್ನ ಪರವಾಗಿ ಅವಳೇ ಮ್ಯಾನೇಜರ್ ಹತ್ತಿರ ವಾದ ಮಾಡಿದಳು. ಅವಳ ಕಾರಣ ಬೇರೆ, ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ನಮ್ಮ ತಲೆಗೆ ಬರುತ್ತೆ ಅಂತ. ಇರಲಿ, ಕಾರಣ ಯಾವುದಾದರೂ ಬೂದು ಬಣ್ಣ ಬಂತು.

ಮೊದಲ ತಿಂಗಳ ಸ್ಕ್ರೀನಿನಲ್ಲಿ ಒಂದು ಹಡಗಿನ ಅಂಕಿಗಳಲ್ಲಿ ಮೂರನೇ ಒಂದು ಭಾಗ ಬೂದು. ಅದರ ಶ್ರೇಣಿ ಮಾತ್ರ ಹಸಿರು. ಮರುವಾರವೇ ಗ್ರಾಹಕರಿಂದ ಟಿಕೆಟ್ ಬಂತು, ಬೂದು ಬಣ್ಣ ಆಫ್ ಮಾಡೋಕೆ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಕೊಡಿ ಅಂತ. ಅದು ನನ್ನ ಹೆಸರಿಗೇ ಇದೆ. ಇನ್ನೂ ಓಪನ್.